ರತ್ನಶಾಸ್ತ್ರದ ಕಪಾಟು

ಕಾರವಾರದ ಬೈತಖೋಲ ಬಂದರಿನಲ್ಲಿ ಮೀನು ಕೊಳ್ಳಬಂದವರು ಮೊದಲು ಕಿವಿರನ್ನೆತ್ತಿ ಬಣ್ಣ ನೋಡುತ್ತಾರೆ, ಬೆರಳಿನಿಂದ ಮೈಯನ್ನು ಒತ್ತಿ ನೋಡುತ್ತಾರೆ. ಬೆಲೆಯ ಮಾತು ಆಮೇಲೆ. ಕೊಳ್ಳುವವನ ಕಣ್ಣನ್ನು ತಿದ್ದುವ ಈ ವಿದ್ಯೆಯನ್ನು ನಮ್ಮ ಹಿರಿಯರು ಪರೀಕ್ಷೆ ಎಂದು ಕರೆದರು. ಕಡಲಿನ ಮುತ್ತಿಗೂ ಗಣಿಯ ವಜ್ರಕ್ಕೂ ಅನ್ವಯಿಸಿ ಬರೆದಿಟ್ಟಾಗ ಅದು ರತ್ನಪರೀಕ್ಷೆ ಎಂಬ ಶಾಸ್ತ್ರವಾಯಿತು. ನಮ್ಮ ಕರಾವಳಿಯ ಓದುಗನೊಬ್ಬ ಈ ಶಾಸ್ತ್ರವನ್ನು ಅರಸಿ ಹೊರಟರೆ ಯಾವ ಗ್ರಂಥಾಲಯದ ಬಾಗಿಲನ್ನು ತಟ್ಟಬೇಕು?

ಅಮೆರಿಕದವರಿಗೆ ಈ ಪ್ರಶ್ನೆ ಕಷ್ಟದ್ದಲ್ಲ. 1931ರಲ್ಲಿ ಹುಟ್ಟಿದ ಅಲ್ಲಿನ ರತ್ನವಿಜ್ಞಾನ ಸಂಸ್ಥೆಯು ಕ್ಯಾಲಿಫೋರ್ನಿಯಾದ ಕಾರ್ಲ್ಸ್‌ಬಾಡ್ ಊರಿನಲ್ಲಿ ರತ್ನ ಮತ್ತು ಆಭರಣಗಳಿಗೇ ಮೀಸಲಾದ ದೊಡ್ಡ ಗ್ರಂಥಾಲಯವನ್ನು ಇಟ್ಟುಕೊಂಡಿದೆ. ಜಾನ್ ಸಿಂಕಾಂಕಸ್ ಎಂಬ ವಿದ್ವಾಂಸ ತನ್ನ ಪತ್ನಿಯೊಡನೆ ಕೂಡಿಹಾಕಿದ್ದ ಪುಸ್ತಕರಾಶಿ 1988ರಲ್ಲಿ ಅಲ್ಲಿಗೆ ಸೇರಿತು. ಅಲ್ಲಿ ಎಲ್ಲವೂ ಒಂದೇ ಸೂರಿನಡಿ ಇದೆ.

ನಮ್ಮಲ್ಲಿ ಹಾಗಿಲ್ಲ. ಇರುವ ಸಂಪತ್ತು ಕಡಮೆಯೆಂದಲ್ಲ, ಅದು ಬೇರೆ ಬೇರೆ ಹೆಸರುಗಳ ಹಿಂದೆ ಅಡಗಿ ಕುಳಿತಿದೆ. ವರಾಹಮಿಹಿರನ ಬೃಹತ್ಸಂಹಿತೆ ಜ್ಯೋತಿಷದ ಕಪಾಟಿನಲ್ಲಿರುತ್ತದೆ. ವಜ್ರ, ಮುತ್ತು, ಪದ್ಮರಾಗ, ಮರಕತಗಳಿಗೆ ಅದರಲ್ಲಿ ಒಂದೊಂದು ಅಧ್ಯಾಯವಿದೆ. ಗರುಡಪುರಾಣವನ್ನು ಪುರಾಣಗಳ ನಡುವೆ ಹುಡುಕಬೇಕು. ಅದರಲ್ಲಿಯೂ ರತ್ನಗಳ ಪ್ರಕರಣವಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ ರಾಜನೀತಿಯ ಸಾಲಿನಲ್ಲಿದೆ. ಬೊಕ್ಕಸದ ಮಾತು ಬಂದಾಗ ಅಲ್ಲಿಯೂ ರತ್ನಪರೀಕ್ಷೆ ಬರುತ್ತದೆ. ರತ್ನಕ್ಕೇ ಮೀಸಲಾದ ಅಗಸ್ತಿಮತದಂಥ ಗ್ರಂಥಗಳನ್ನು ಒಟ್ಟುಗೂಡಿಸಿ 1896ರಲ್ಲಿ ಪ್ಯಾರಿಸ್ಸಿನಲ್ಲಿ ಅಚ್ಚು ಹಾಕಿಸಿದವನು ಲೂಯಿ ಫಿನೋ ಎಂಬ ಫ್ರೆಂಚ್ ಪಂಡಿತ. ನಮ್ಮ ಕಪಾಟನ್ನು ಜೋಡಿಸಿಕೊಟ್ಟವರು ಹೊರಗಿನವರು ಎಂಬ ಮಾತು ಮನಸ್ಸಿಗೆ ಸ್ವಲ್ಪ ಚುಚ್ಚುತ್ತದೆ.

ಆದರೆ ಇದಕ್ಕೊಂದು ಸಮಾಧಾನವೂ ಕನ್ನಡ ನೆಲದಲ್ಲಿಯೇ ಇದೆ. ಮೈಸೂರಿನಲ್ಲಿ 1891ರಲ್ಲಿ ಓರಿಯೆಂಟಲ್ ಲೈಬ್ರರಿ ಸ್ಥಾಪನೆಯಾಯಿತು. ಇಂದು ಅದು ಪ್ರಾಚ್ಯವಿದ್ಯಾ ಸಂಶೋಧನಾಲಯ. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಗ್ರಂಥಲಿಪಿಯ ಒಂದು ತಾಳೆಗರಿಯ ಕಟ್ಟನ್ನು ಅಲ್ಲಿಗೆ ಒಪ್ಪಿಸಿದರು. ಗ್ರಂಥಪಾಲರಾಗಿದ್ದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿ 1909ರಲ್ಲಿ ಪ್ರಕಟಿಸಿದರು. ನಾವು ಅದನ್ನು ರಾಜ್ಯಶಾಸ್ತ್ರದ ಗ್ರಂಥವೆಂದು ಕೊಂಡಾಡುತ್ತೇವೆ. ಅದರ ಎರಡನೆಯ ಅಧಿಕರಣದ ಹನ್ನೊಂದನೆಯ ಅಧ್ಯಾಯ ಮಾತ್ರ ಬೊಕ್ಕಸಕ್ಕೆ ಬರುವ ರತ್ನಗಳ ಪರೀಕ್ಷೆಯೆಂಬುದು ಹಲವರ ಗಮನಕ್ಕೆ ಬರುವುದಿಲ್ಲ.

ಆ ಅಧ್ಯಾಯದಲ್ಲಿ ಒಳ್ಳೆಯ ಮುತ್ತಿನ ಲಕ್ಷಣಗಳನ್ನು ನೋಡಿರಿ: ದಪ್ಪನಾಗಿರಬೇಕು, ದುಂಡಗಿರಬೇಕು, ತಳವಿಲ್ಲದೆ ಉರುಳಬೇಕು, ಹೊಳಪು, ಬಿಳುಪು, ತೂಕ, ನುಣುಪು ಇರಬೇಕು, ತೂತು ಸರಿಯಾದ ಸ್ಥಳದಲ್ಲಿ ಬಿದ್ದಿರಬೇಕು. ಕೆಟ್ಟ ಮುತ್ತುಗಳ ಪಟ್ಟಿಯ ಕೊನೆಯಲ್ಲಿ ಬರುವುದು ತಪ್ಪಾಗಿ ತೂತು ಕೊರೆದದ್ದು. ಕಡಲು ಕೊಟ್ಟದ್ದನ್ನು ಕೈ ಕೆಡಿಸಬಹುದೆಂಬ ಎಚ್ಚರ ಇಲ್ಲಿದೆ.

ಸಾಹಿತ್ಯದ ಓದುಗರಿಗೆ ಇದರಿಂದೇನು? ನಕ್ಷತ್ರಮಾಲೆ ಎಂಬ ಮಾತು ಕಾವ್ಯದಲ್ಲಿ ಬಂದರೆ ನಾವು ಸೊಗಸಾದ ಹೋಲಿಕೆಯೆಂದು ತಲೆದೂಗಿ ಮುಂದಿನ ಪದ್ಯಕ್ಕೆ ಹೋಗುತ್ತೇವೆ. ಆದರೆ ಅದು ಲೆಕ್ಕವುಳ್ಳ ಒಡವೆಯ ಹೆಸರು. ಅಮರಕೋಶದ ಪ್ರಕಾರ 27 ಮುತ್ತುಗಳ ಒಂದೆಳೆಯ ಸರ. ಅರ್ಥಶಾಸ್ತ್ರದ ಪ್ರಕಾರ 27 ಎಳೆಗಳ ಹಾರ. ಅಲ್ಲಿಯೇ ಇಂದ್ರಚ್ಛಂದವೆಂದರೆ 1008 ಎಳೆ, ವಿಜಯಚ್ಛಂದವೆಂದರೆ ಅದರ ಅರ್ಧ. ಎರಡು ಗ್ರಂಥಗಳೂ ನಕ್ಷತ್ರಗಳ ಸಂಖ್ಯೆಯನ್ನೇ ಹಿಡಿದಿವೆ, ಒಂದು ಮುತ್ತನ್ನು ಎಣಿಸಿತು, ಇನ್ನೊಂದು ಎಳೆಯನ್ನು ಎಣಿಸಿತು. ಕವಿಯ ರಾಣಿಯ ಕೊರಳಲ್ಲಿ ಇರುವುದು ಯಾವುದು? ನಿಘಂಟನ್ನೊಂದನ್ನೇ ನೋಡಿದವನಿಗೆ ಈ ಪ್ರಶ್ನೆ ಹುಟ್ಟುವುದೇ ಇಲ್ಲ. ಎರಡು ಕಪಾಟುಗಳ ಪುಸ್ತಕಗಳನ್ನು ಒಂದೇ ಮೇಜಿನ ಮೇಲೆ ತೆರೆದಿಟ್ಟವನಿಗೆ ಮಾತ್ರ ಹುಟ್ಟುತ್ತದೆ. ಗ್ರಂಥಾಲಯವನ್ನು ಬಳಸುವುದೆಂದರೆ ಇದೇ.

ಇಷ್ಟಾದರೂ ಪುಸ್ತಕದಲ್ಲಿ ದೊರೆಯುವುದು ಅರ್ಧವೇ. ಶಾಸ್ತ್ರ ಬೊಕ್ಕಸದ ಅಧಿಕಾರಿಗಾಗಿ ಬರೆದದ್ದು. ಕಲ್ಲು ಕೂರಿಸುವವನ, ಮುತ್ತು ಪೋಣಿಸುವವನ ಮಾತುಗಳನ್ನು ಅದು ಹೆಚ್ಚಾಗಿ ಕೇಳಿಸಿಕೊಳ್ಳಲಿಲ್ಲ. ಕಾರವಾರ, ಅಂಕೋಲೆಗಳ ಅಕ್ಕಸಾಲಿಗರ ಮನೆಗಳಲ್ಲಿ ಉಪಕರಣಕ್ಕೂ ಕುಸುರಿಗೂ ದೋಷಕ್ಕೂ ಬಳಸುವ ಮಾತುಗಳು ಬಾಯಿಂದ ಬಾಯಿಗೆ ಬಂದವು. ಯಂತ್ರದಿಂದ ಬಂದ ಒಡವೆ ಅಂಗಡಿಗೆ ಬಂದಂತೆ ಆ ಮಾತುಗಳನ್ನು ಆಡುವ ಸಂದರ್ಭವೇ ಕಡಮೆಯಾಗುತ್ತಿದೆ. ತಾಳೆಗರಿಯಾದರೆ ಒಬ್ಬ ಗ್ರಂಥಪಾಲನ ಕಣ್ಣಿಗೆ ಬೀಳುವವರೆಗೆ ಶತಮಾನಗಳ ಕಾಲ ಕಾದಿರಬಲ್ಲುದು. ಆಡುಮಾತು ಒಂದು ತಲೆಮಾರಿಗಿಂತ ಹೆಚ್ಚು ಕಾಯಲಾರದು. ನಮ್ಮ ಊರಿನ ಕಾಲೇಜುಗಳ ಕನ್ನಡ ವಿದ್ಯಾರ್ಥಿಗಳು ನೋಟುಪುಸ್ತಕ ಹಿಡಿದು ಅಕ್ಕಸಾಲೆಯ ಹೊಸ್ತಿಲಲ್ಲಿ ಕೆಲವು ದಿನ ಕುಳಿತರೆ, ರತ್ನಶಾಸ್ತ್ರದ ಕಪಾಟಿಗೆ ಇಲ್ಲದ ಪುಸ್ತಕವೊಂದನ್ನು ಅವರೇ ಸೇರಿಸಿದಂತಾಗುತ್ತದೆ.