ಮೈಕಟ್ಟಿಗೆ ಡಬ್ಬಿಯ ಪುಡಿಯೇ ಬೇಕೆ? ಅಡುಗೆಮನೆಯ ಲೆಕ್ಕ ಇಲ್ಲಿದೆ

ಜಿಮ್ ಸೇರಿದ ಮೊದಲ ವಾರದಲ್ಲೇ ಯುವಕರ ನಡುವೆ ಕೇಳಿಬರುವ ಪ್ರಶ್ನೆ ಒಂದೇ: ಯಾವ ಕಂಪನಿಯ ಪ್ರೋಟೀನ್ ಪುಡಿ ಒಳ್ಳೆಯದು? ಮೈಕಟ್ಟು ಬೆಳೆಯಬೇಕಾದರೆ ಡಬ್ಬಿ ಕೊಳ್ಳಲೇಬೇಕೆಂಬ ನಂಬಿಕೆ ನಗರಗಳನ್ನು ದಾಟಿ ತಾಲ್ಲೂಕು ಕೇಂದ್ರಗಳ ವ್ಯಾಯಾಮಶಾಲೆಗಳನ್ನೂ ತಲುಪಿದೆ. ಮೊದಲ ಕೆಲಸದ ಮೊದಲ ಸಂಬಳದಲ್ಲೇ ಸಾವಿರಾರು ರೂಪಾಯಿ ಇದಕ್ಕೆ ಮೀಸಲಿಡುವವರಿದ್ದಾರೆ. ಮನೆಯ ಡಬ್ಬದಲ್ಲಿರುವ ಹುರುಳಿ, ಕಡಲೆ, ಶೇಂಗಾಗಳತ್ತ ಮಾತ್ರ ಯಾರ ಗಮನವೂ ಹರಿಯುವುದಿಲ್ಲ.

ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರ ಮೇ ತಿಂಗಳಿನಲ್ಲಿ ಭಾರತೀಯರಿಗಾಗಿ ಪರಿಷ್ಕೃತ ಆಹಾರ ಮಾರ್ಗಸೂಚಿಗಳನ್ನು ಪ್ರಕಟಿಸಿತು. ಒಟ್ಟು 17 ಸೂತ್ರಗಳಿರುವ ಈ ಮಾರ್ಗಸೂಚಿಯು ಮೈಕಟ್ಟು ಬೆಳೆಸಲು ಪ್ರೋಟೀನ್ ಪುಡಿಗಳನ್ನು ಬಳಸಬೇಡಿ ಎಂದು ನೇರವಾಗಿಯೇ ಹೇಳಿದೆ. ಆರೋಗ್ಯವಂತ ವಯಸ್ಕರು ದೀರ್ಘಕಾಲ ಭಾರ ಎತ್ತುವ ವ್ಯಾಯಾಮ ಮಾಡಿದಾಗಲೂ ಹೆಚ್ಚುವರಿ ಪ್ರೋಟೀನಿನಿಂದ ದೊರೆಯುವ ಲಾಭ ಅಲ್ಪ; ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1.6 ಗ್ರಾಂ ಮೀರಿದ ಮೇಲೆ ಆ ಅಲ್ಪ ಲಾಭವೂ ಇಲ್ಲ ಎಂಬುದು ಅದರ ವಿವರಣೆ. ಇಂಥ ಪುಡಿಗಳಲ್ಲಿ ಸಕ್ಕರೆ, ಕೃತಕ ಸಿಹಿ ಮತ್ತು ಪರಿಮಳಗಳು ಬೆರೆತಿರಬಹುದೆಂಬ ಎಚ್ಚರಿಕೆಯೂ ಅಲ್ಲಿದೆ.

ಇಷ್ಟನ್ನು ಓದಿ, 'ಹಾಗಾದರೆ ನಾವು ಈಗ ಉಣ್ಣುತ್ತಿರುವುದೇ ಸಾಕು' ಎಂದು ಸಮಾಧಾನಪಟ್ಟುಕೊಂಡರೆ ತಪ್ಪಾದೀತು. ಅದೇ ಮಾರ್ಗಸೂಚಿಯ ಇನ್ನೊಂದು ಅಂಕಿಯನ್ನೂ ಗಮನಿಸಬೇಕು. ನಮ್ಮ ದೈನಂದಿನ ಶಕ್ತಿಯಲ್ಲಿ ಶೇ. 50ರಿಂದ 70ರಷ್ಟು ಬರುತ್ತಿರುವುದು ಧಾನ್ಯಗಳಿಂದ. ಬೇಳೆಕಾಳು, ಮೀನು, ಮಾಂಸ ಎಲ್ಲವೂ ಸೇರಿ ಕೊಡಬೇಕಾದದ್ದು ಶೇ. 14, ಕೊಡುತ್ತಿರುವುದು ಶೇ. 6ರಿಂದ 9 ಮಾತ್ರ. ಮನೆಯೂಟದಿಂದ ಸ್ನಾಯು ಬೆಳೆಸಬಹುದು ಎಂಬುದು ನಿಜ. ಆದರೆ ಆ ಮನೆಯೂಟ ಇವತ್ತಿನ ತಟ್ಟೆಯ ಊಟವಲ್ಲ.

ಎಷ್ಟು ಬೇಕು?

ಶಾಲೆಯ ಪಠ್ಯಪುಸ್ತಕಗಳು ಸಸಾರಜನಕ ಎಂದು ಕರೆಯುತ್ತಿದ್ದ ಪ್ರೋಟೀನು ತಾನಾಗಿ ಸ್ನಾಯುವನ್ನು ಕಟ್ಟುವುದಿಲ್ಲ. ಭಾರ ಎತ್ತಿದಾಗ ಸ್ನಾಯುವಿನ ಎಳೆಗಳ ಮೇಲೆ ಬೀಳುವ ಒತ್ತಡವೇ ಬೆಳವಣಿಗೆಗೆ ಆದೇಶ ನೀಡುತ್ತದೆ. ಪ್ರೋಟೀನು ಆ ಆದೇಶದಂತೆ ಗೋಡೆ ಕಟ್ಟುವ ಇಟ್ಟಿಗೆ. ಮೇಸ್ತ್ರಿಯೇ ಇಲ್ಲದ ನಿವೇಶನದಲ್ಲಿ ಎಷ್ಟು ಇಟ್ಟಿಗೆ ಸುರಿದರೂ ಮನೆ ಏಳದು. ವಾರಕ್ಕೆ ಎರಡು-ಮೂರು ದಿನ ಪ್ರಮುಖ ಸ್ನಾಯುಗಳಿಗೆಲ್ಲ ಕೆಲಸ ಕೊಟ್ಟು, ಭಾರವನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತಾ ಹೋಗುವುದು ಮೊದಲ ಷರತ್ತು. ಸರಿಯಾದ ನಿದ್ರೆ ಎರಡನೆಯದು.

ಸಾಮಾನ್ಯ ಆರೋಗ್ಯವಂತ ವಯಸ್ಕನಿಗೆ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನು ಸಾಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು ಹೇಳುತ್ತದೆ. 65 ಕಿಲೋ ತೂಗುವವನಿಗೆ ಇದು ಸುಮಾರು 54 ಗ್ರಾಂ. ಶ್ರದ್ಧೆಯಿಂದ ಭಾರ ಎತ್ತುವವನಿಗೆ 1.2ರಿಂದ 1.6 ಗ್ರಾಂ, ಅಂದರೆ ದಿನಕ್ಕೆ 78ರಿಂದ 104 ಗ್ರಾಂ ಗುರಿಯಾಗಿರಲಿ. 2018ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ಪತ್ರಿಕೆಯಲ್ಲಿ 49 ಅಧ್ಯಯನಗಳನ್ನು ಒಟ್ಟುಗೂಡಿಸಿ ಮಾಡಿದ ವಿಶ್ಲೇಷಣೆಯೊಂದು ಪ್ರಕಟವಾಗಿತ್ತು. ಲಾಭದ ಗೆರೆ 1.6 ಗ್ರಾಂ ಆಸುಪಾಸಿನಲ್ಲೇ ಸಮತಟ್ಟಾಗುತ್ತದೆ ಎಂಬುದು ಅದರ ತೀರ್ಮಾನವೂ ಹೌದು. ಕಿಲೋಗೆ ಮೂರು ಗ್ರಾಂ ಎಂದು ಸಲಹೆ ಕೊಡುವ ಮಿತ್ರರ ಮಾತನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡಬಹುದು.

ತಿಳಿಸಾರಿನ ಸಮಸ್ಯೆ

ಬೇಳೆಕಾಳುಗಳು ಒಣಗಿದ ಸ್ಥಿತಿಯಲ್ಲಿ 100 ಗ್ರಾಂಗೆ ಸುಮಾರು 19ರಿಂದ 24 ಗ್ರಾಂ ಪ್ರೋಟೀನು ನೀಡುತ್ತವೆ. ತೊಗರಿ, ಹೆಸರು, ಉದ್ದು, ಕಡಲೆ, ಅಲಸಂದೆ, ಮಡಿಕೆ ಎಲ್ಲವೂ ಇದೇ ಸಾಲಿನವು. ಕುದುರೆಯ ಮೇವೆಂದು ಪೇಟೆಯವರು ಮೂಗು ಮುರಿಯುವ ಹುರುಳಿಯೂ 22 ಗ್ರಾಂನಷ್ಟು ಕೊಡುತ್ತದೆ. ಶೇಂಗಾ 24ರ ಸಮೀಪವಿದ್ದರೆ ಸೋಯಾ ಅವರೆಯದು 35ಕ್ಕೂ ಹೆಚ್ಚು. ಇಷ್ಟೆಲ್ಲ ಇರುವ ನಾಡಿನಲ್ಲಿ ಪ್ರೋಟೀನಿನ ಕೊರತೆ ಹೇಗೆ? ಉತ್ತರ ನಮ್ಮ ಸಾರಿನ ಪಾತ್ರೆಯಲ್ಲಿದೆ.

ನಾಲ್ಕು ಜನರ ಮನೆಯಲ್ಲಿ ಒಂದು ಹೊತ್ತಿನ ಸಾರಿಗೆ 100 ಗ್ರಾಂ ತೊಗರಿಬೇಳೆ ಬೇಯಿಸಿದರೆಂದು ಇಟ್ಟುಕೊಳ್ಳೋಣ. ಅದರಲ್ಲಿರುವುದು 22 ಗ್ರಾಂ ಪ್ರೋಟೀನು. ನಾಲ್ವರಿಗೆ ಹಂಚಿದರೆ ತಲೆಗೆ ಐದೂವರೆ ಗ್ರಾಂ. ತಿಳಿಸಾರನ್ನಷ್ಟೇ ಬಡಿಸಿಕೊಂಡು ತಳದ ಬೇಳೆಯನ್ನು ಪಾತ್ರೆಯಲ್ಲೇ ಬಿಟ್ಟರೆ ಅಷ್ಟೂ ಇಲ್ಲ. ಬಸ್ಸಾರಿನ ಕಥೆ ಇನ್ನೂ ಸ್ವಾರಸ್ಯಕರ. ಕಾಳು, ಸೊಪ್ಪು ಬೇಯಿಸಿ ಬಸಿದ ಕಟ್ಟು ಸಾರಾಗುತ್ತದೆ, ಉಳಿದ ಕಾಳು ಒಗ್ಗರಣೆ ಬಿದ್ದು ಪಲ್ಯವಾಗುತ್ತದೆ. ಪ್ರೋಟೀನಿನ ಬಹುಪಾಲು ಇರುವುದು ಆ ಪಲ್ಯದಲ್ಲಿ. ಮುದ್ದೆಯನ್ನು ಸಾರಿನಲ್ಲಿ ಮುಳುಗಿಸಿ ನುಂಗಿ, ಪಲ್ಯವನ್ನು ನೆಂಚಿಕೊಳ್ಳಲೆಂದು ಒಂದು ಚಮಚ ಹಾಕಿಕೊಳ್ಳುವವನು ರುಚಿಯನ್ನಷ್ಟೇ ಉಂಡು ಸಾರವನ್ನು ಬಿಟ್ಟಂತೆ. ಹುರುಳಿ ಕಟ್ಟಿನ ಸಾರಿಗೂ ಇದೇ ಮಾತು ಅನ್ವಯಿಸುತ್ತದೆ.

ಇದಕ್ಕೆ ಪರಿಹಾರ ಹೊಸ ಅಡುಗೆಯಲ್ಲ, ಅಳತೆ. ರಾಷ್ಟ್ರೀಯ ಪೋಷಣಾ ಸಂಸ್ಥೆಯ ಮಾದರಿ ತಟ್ಟೆಯು 2,000 ಕ್ಯಾಲೊರಿಯ ಆಹಾರದಲ್ಲಿ 250 ಗ್ರಾಂ ಧಾನ್ಯದ ಜೊತೆಗೆ 85 ಗ್ರಾಂ ಬೇಳೆಕಾಳು ಇರಬೇಕೆನ್ನುತ್ತದೆ. ವ್ಯಾಯಾಮ ಮಾಡುವವನು ಇದನ್ನು 120 ಗ್ರಾಂಗೆ ಏರಿಸಿಕೊಳ್ಳಬಹುದು. ಗಟ್ಟಿ ತೊವ್ವೆ, ಕಾಳಿನ ಪಲ್ಯ, ಕಡಲೆ ಉಸಲಿ, ಹೆಸರುಬೇಳೆ ಕೋಸಂಬರಿ, ಹಿತಕಿದ ಅವರೆಬೇಳೆ ಸಾರು, ಉತ್ತರ ಕರ್ನಾಟಕದ ಮಡಿಕೆ ಕಾಳಿನ ಪಲ್ಯ ಮತ್ತು ಶೇಂಗಾ ಚಟ್ನಿಪುಡಿ ಇವೆಲ್ಲ ಯಾವ ಹೊಸ ಪಾಠವನ್ನೂ ಬೇಡದ ಪದಾರ್ಥಗಳು. ಒಮ್ಮೆಗೇ ಪ್ರಮಾಣ ಹೆಚ್ಚಿಸಿದರೆ ಹೊಟ್ಟೆಯುಬ್ಬರ ಖಚಿತ. ರಾತ್ರಿ ನೆನೆಸಿ, ನೆನೆಸಿದ ನೀರು ಚೆಲ್ಲಿ, ಚೆನ್ನಾಗಿ ಬೇಯಿಸಿದರೆ ಈ ತೊಂದರೆ ತಗ್ಗುತ್ತದೆ. ಮೊಳಕೆ ಬರಿಸುವುದರಿಂದ ಜೀರ್ಣಕ್ಕೆ ಅನುಕೂಲ ಹೌದು. ಆದರೆ ಮೊಳಕೆಯಲ್ಲಿ ಪ್ರೋಟೀನು ಇಮ್ಮಡಿಯಾಗುತ್ತದೆ ಎಂಬುದು ಕೇವಲ ನಂಬಿಕೆ. ಕಾಳು ನೀರು ಹೀರಿಕೊಂಡಿರುವುದರಿಂದ ತೂಕಕ್ಕೆ ತೂಕ ಹೋಲಿಸಿದರೆ ಅದು ಕಡಿಮೆಯೇ ಇರುತ್ತದೆ.

ಧಾನ್ಯಗಳನ್ನು ತುಚ್ಛವಾಗಿ ಕಾಣುವುದೂ ಬೇಡ. ಅಕ್ಕಿಯಲ್ಲಿ 8, ರಾಗಿಯಲ್ಲಿ 7, ಗೋಧಿಯಲ್ಲಿ 10 ಗ್ರಾಂಗಿಂತ ತುಸು ಹೆಚ್ಚು ಪ್ರೋಟೀನಿದೆ. ರಾಗಿಯ ಹೆಗ್ಗಳಿಕೆ ಸುಣ್ಣದಂಶದಲ್ಲಿದೆಯೇ ಹೊರತು ಪ್ರೋಟೀನಿನಲ್ಲಲ್ಲ ಎಂಬುದನ್ನು ಮುದ್ದೆಯ ಅಭಿಮಾನಿಗಳು ಒಪ್ಪಿಕೊಳ್ಳಬೇಕಾಗುತ್ತದೆ. ಧಾನ್ಯದಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ, ಕಾಳಿನಲ್ಲಿ ಮೆಥಿಯೋನಿನ್ ಕಡಿಮೆ. ಎರಡೂ ಸೇರಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಅನ್ನ-ತೊವ್ವೆ, ಜೋಳದ ರೊಟ್ಟಿ-ಕಾಳುಪಲ್ಯ, ಬಿಸಿಬೇಳೆ ಬಾತ್‌ಗಳನ್ನು ರೂಢಿಸಿದವರಿಗೆ ರಸಾಯನಶಾಸ್ತ್ರ ತಿಳಿದಿರಲಿಲ್ಲ, ಆದರೆ ಜೋಡಿ ಸರಿಯಾಗಿಯೇ ಕೂಡಿಬಂದಿತ್ತು.

ಹಾಲು, ಮೊಟ್ಟೆ, ಮೀನು

ಅರ್ಧ ಲೀಟರ್ ಹಾಲಿನಲ್ಲಿ ಸುಮಾರು 16 ಗ್ರಾಂ ಪ್ರೋಟೀನಿದೆ. ಡಬ್ಬಿಯಲ್ಲಿ ಬರುವ 'ವ್ಹೇ' ಎಂದರೆ ಇದೇ ಹಾಲು ಒಡೆದಾಗ ಬೇರ್ಪಡುವ ಹಾಲೊಡಕಿನ ನೀರನ್ನು ಶೋಧಿಸಿ ಒಣಗಿಸಿದ ಪುಡಿ. ಮನೆಯಲ್ಲಿ ಪನೀರು ಮಾಡುವವರು ಹಳದಿ ನೀರನ್ನು ಚೆಲ್ಲದೆ ಸಾರಿಗೋ ಚಪಾತಿ ಹಿಟ್ಟಿಗೋ ಬಳಸುವುದು ಜಾಣತನ. ಆದರೆ ಅದರಲ್ಲಿ ನೀರೇ ಹೆಚ್ಚು. ಪನೀರಿನಲ್ಲಿ 100 ಗ್ರಾಂಗೆ ಸುಮಾರು 18 ಗ್ರಾಂ ಪ್ರೋಟೀನು ಸಿಗುತ್ತದೆ.

ಒಂದು ಮೊಟ್ಟೆ ಆರು ಗ್ರಾಂ ಪ್ರೋಟೀನು ನೀಡುತ್ತದೆ. ಹಳದಿಯನ್ನು ಎಸೆದು ಬಿಳಿಯನ್ನಷ್ಟೇ ತಿನ್ನುವ ರೂಢಿ ಜಿಮ್‌ಗಳಲ್ಲಿ ವ್ಯಾಪಕ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅದೇ ವ್ಯಕ್ತಿಗಳಿಗೆ ಒಮ್ಮೆ ಇಡೀ ಮೊಟ್ಟೆ, ಇನ್ನೊಮ್ಮೆ ಬಿಳಿ ಮಾತ್ರ ಕೊಡಲಾಗಿತ್ತು. ಪ್ರೋಟೀನಿನ ಪ್ರಮಾಣ ಎರಡರಲ್ಲೂ ಒಂದೇ. ವ್ಯಾಯಾಮದ ನಂತರ ಸ್ನಾಯು ಕಟ್ಟುವ ಕ್ರಿಯೆ ಇಡೀ ಮೊಟ್ಟೆ ತಿಂದಾಗಲೇ ಹೆಚ್ಚಾಗಿತ್ತು. ಕೊಲೆಸ್ಟರಾಲ್ ಅಥವಾ ಸಕ್ಕರೆ ಕಾಯಿಲೆ ಇರುವವರು ಸಂಖ್ಯೆಯನ್ನು ವೈದ್ಯರಲ್ಲಿ ಕೇಳಿ ನಿರ್ಧರಿಸಲಿ, ಉಳಿದವರು ಹಳದಿಯನ್ನು ಕಸದ ಬುಟ್ಟಿಗೆ ಹಾಕುವ ಅಗತ್ಯವಿಲ್ಲ. ಹಾಲಿಗೆ ಹಸಿಮೊಟ್ಟೆ ಒಡೆದು ಕುಡಿಯುವ ಶೌರ್ಯವನ್ನಂತೂ ಬಿಡುವುದೇ ಲೇಸು. ಬೆಂದ ಮೊಟ್ಟೆಯ ಪ್ರೋಟೀನು ಶೇ. 90ರಷ್ಟು ಜೀರ್ಣವಾದರೆ ಹಸಿಯದ್ದು ಶೇ. 50ರ ಆಸುಪಾಸಿನಲ್ಲೇ ನಿಲ್ಲುತ್ತದೆಂದು 1998ರ ಅಧ್ಯಯನವೊಂದು ತೋರಿಸಿದೆ. ಸಾಲ್ಮೊನೆಲ್ಲಾ ಸೋಂಕಿನ ಅಪಾಯ ಬೇರೆ.

ಕರಾವಳಿಯವರಿಗೆ ಈ ಲೇಖನದ ಅಗತ್ಯವೇ ಕಡಿಮೆ. ಬಂಗುಡೆ, ಬೂತಾಯಿಗಳು ನೂರು ಗ್ರಾಂಗೆ ಸುಮಾರು 20 ಗ್ರಾಂ ಪ್ರೋಟೀನಿನ ಜೊತೆಗೆ ಒಳ್ಳೆಯ ಕೊಬ್ಬನ್ನೂ ಒದಗಿಸುತ್ತವೆ. ಕೋಳಿ ಮಾಂಸವೂ ಅದೇ ಮಟ್ಟದ್ದು.

ಒಂದು ದಿನದ ಲೆಕ್ಕ

ಮೊಟ್ಟೆಯನ್ನೂ ಮುಟ್ಟದ 65 ಕಿಲೋ ತೂಕದ ಸಸ್ಯಾಹಾರಿಯನ್ನೇ ತೆಗೆದುಕೊಳ್ಳೋಣ. ಅಕ್ಕಿ, ರಾಗಿ, ಗೋಧಿ ಎಲ್ಲ ಸೇರಿ ಒಣತೂಕದಲ್ಲಿ 350 ಗ್ರಾಂ ಧಾನ್ಯದಿಂದ 28 ಗ್ರಾಂ ಪ್ರೋಟೀನು. 120 ಗ್ರಾಂ ಬೇಳೆಕಾಳಿನಿಂದ 26. ಅರ್ಧ ಲೀಟರ್ ಹಾಲಿನಿಂದ 16, ಒಂದು ಬಟ್ಟಲು ಗಟ್ಟಿ ಮೊಸರಿನಿಂದ 6. ಒಂದು ಹಿಡಿ, ಅಂದರೆ 40 ಗ್ರಾಂ ಶೇಂಗಾದಿಂದ 9. ಒಟ್ಟು 85 ಗ್ರಾಂ. ಗುರಿಯ ಕೆಳಮಿತಿಯಾದ 78 ಇಲ್ಲಿಗೇ ದಾಟಿತು. 30 ಗ್ರಾಂ ಸೋಯಾ ಉಂಡೆಗಳನ್ನು ಪಲಾವಿಗೆ ಸೇರಿಸಿದರೆ ಇನ್ನೂ 15 ಗ್ರಾಂ ಸೇರಿ ನೂರು ತಲುಪುತ್ತದೆ. ಮೊಟ್ಟೆ ತಿನ್ನುವವರಿಗೆ ಮೂರು ಮೊಟ್ಟೆಗಳು ಅದೇ ಕೆಲಸ ಮಾಡುತ್ತವೆ.

ಎಡವುವುದು ಸಾಮಾನ್ಯವಾಗಿ ಬೆಳಗಿನ ಉಪಾಹಾರದಲ್ಲಿ. ಉಪ್ಪಿಟ್ಟು, ಚಿತ್ರಾನ್ನ, ಅವಲಕ್ಕಿ ಎಲ್ಲವೂ ಹೊಟ್ಟೆ ತುಂಬಿಸುತ್ತವೆ. ಆದರೆ ನಾಲ್ಕು ಇಡ್ಲಿ ತಿಂದರೂ ಎಂಟು ಗ್ರಾಂ ಪ್ರೋಟೀನು ದಾಟುವುದು ಕಷ್ಟ. ದೇಹ ಪ್ರತಿ ಊಟಕ್ಕೆ 20ರಿಂದ 30 ಗ್ರಾಂನಂತೆ ದಿನವಿಡೀ ಹಂಚಿ ಪಡೆದಾಗ ಅದನ್ನು ಚೆನ್ನಾಗಿ ಬಳಸಿಕೊಳ್ಳುತ್ತದೆ. ಅಕ್ಕಿ ದೋಸೆಯ ಬದಲು ಹೆಸರುಕಾಳಿನ ದೋಸೆ, ಇಡ್ಲಿಯ ಜೊತೆ ತೆಳುವಾದ ಚಟ್ನಿಯ ಬದಲು ಬೇಳೆ ಗಟ್ಟಿಯಿರುವ ಸಾಂಬಾರು, ಕೊನೆಗೊಂದು ಲೋಟ ಹಾಲು ಎಂದರೆ ಲೆಕ್ಕ ಸರಿಹೋಗುತ್ತದೆ. ತೆಳ್ಳಗಿದ್ದು ತೂಕವೇ ಏರದವರಿಗೆ ಬಹಳಷ್ಟು ಸಲ ಕೊರತೆಯಿರುವುದು ಪ್ರೋಟೀನಿನದ್ದಲ್ಲ, ಒಟ್ಟು ಆಹಾರದ್ದು. ಅವರಿಗೆ ಬಾಳೆಹಣ್ಣು, ಶೇಂಗಾ ಚಿಕ್ಕಿ, ಇನ್ನೊಂದು ಸೌಟು ಅನ್ನ ಬೇಕು.

ಪುಡಿಯ ಪರ ಹೇಳಬಹುದಾದದ್ದು

ಪುಡಿಗೂ ತನ್ನದೇ ಗುಣಗಳಿವೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ಸ್ನಾಯು ಕಟ್ಟುವ ಕ್ರಿಯೆಯನ್ನು ಚಾಲನೆಗೊಳಿಸುವ ಲ್ಯೂಸಿನ್ ಎಂಬ ಅಮೈನೋ ಆಮ್ಲ ಹಾಲೊಡಕಿನ ಪ್ರೋಟೀನಿನಲ್ಲಿ ಸುಮಾರು ಶೇ. 10ರಷ್ಟಿದ್ದರೆ ಕಾಳುಗಳಲ್ಲಿ ಶೇ. 7-8ರಷ್ಟಿದೆ. ಅದು ಬೇಗ ಜೀರ್ಣವಾಗುತ್ತದೆ, ಒಯ್ಯಲು ಸುಲಭ. ಕಾಳಿನಿಂದ ಅದೇ ಫಲ ಬೇಕಾದರೆ ತುಸು ಹೆಚ್ಚು ತಿನ್ನಬೇಕು. ಆದರೆ ದುಡ್ಡಿನ ಲೆಕ್ಕ ನೋಡಿ. ಒಂದು ಕಿಲೋ ವ್ಹೇ ಪುಡಿಯಲ್ಲಿ ಸುಮಾರು 750 ಗ್ರಾಂ ಪ್ರೋಟೀನು ಇರುತ್ತದೆಂದರೆ, ಅಷ್ಟೇ ಪ್ರೋಟೀನು ಮೂರೂವರೆ ಕಿಲೋ ಹುರುಳಿಯಲ್ಲಿದೆ. ಜೀರ್ಣವಾಗುವ ಪ್ರಮಾಣದ ವ್ಯತ್ಯಾಸಕ್ಕೆಂದು ಇನ್ನೊಂದು ಕಿಲೋ ಸೇರಿಸಿಕೊಳ್ಳಿ. ಎರಡರ ಬೆಲೆಯನ್ನು ನಿಮ್ಮೂರಿನ ಅಂಗಡಿಯಲ್ಲೇ ವಿಚಾರಿಸಿ ನೋಡಬಹುದು.

ಡಬ್ಬಿಯ ಮೇಲೆ ಬರೆದದ್ದೇ ಒಳಗಿರುತ್ತದೆ ಎಂಬ ಖಾತರಿಯೂ ಇಲ್ಲ. ಕೇರಳದ ವೈದ್ಯರೂ ಸೇರಿದ್ದ ತಂಡವೊಂದು ಭಾರತದಲ್ಲಿ ಮಾರಾಟವಾಗುವ 36 ಪ್ರೋಟೀನ್ ಪುಡಿಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ 2024ರಲ್ಲಿ ಮೆಡಿಸಿನ್ ಪತ್ರಿಕೆಯಲ್ಲಿ ವರದಿ ಪ್ರಕಟಿಸಿತು. ಶೇ. 70ರಷ್ಟು ಮಾದರಿಗಳಲ್ಲಿ ಪ್ರೋಟೀನಿನ ವಿವರ ತಪ್ಪಾಗಿತ್ತು. ಶೇ. 14ರಲ್ಲಿ ಶಿಲೀಂಧ್ರದ ವಿಷವಾದ ಅಫ್ಲಾಟಾಕ್ಸಿನ್, ಶೇ. 8ರಲ್ಲಿ ಕೀಟನಾಶಕದ ಅಂಶ ಕಂಡುಬಂದಿತ್ತು. ಅಫ್ಲಾಟಾಕ್ಸಿನ್ ಬೂಷ್ಟು ಹಿಡಿದ ಶೇಂಗಾದಲ್ಲೂ ಇರುತ್ತದೆ, ಆದರೆ ಬೂಷ್ಟು ಹಿಡಿದ ಶೇಂಗಾವನ್ನು ಕಣ್ಣಿನಿಂದಲೇ ನೋಡಿ ಆರಿಸಿ ತೆಗೆಯಬಹುದು.

ಗರಡಿಮನೆಯ ಊಟ

ಮೈಸೂರು ದಸರೆಯಲ್ಲಿ ಇಂದಿಗೂ ಕುಸ್ತಿ ನಡೆಯುತ್ತದೆ. ಕೆಮ್ಮಣ್ಣಿನ ಮಟ್ಟಿಯಲ್ಲಿ ತೊಡೆ ತಟ್ಟಿದ ಹಿಂದಿನ ಪೈಲ್ವಾನರಿಗೆ ಡಬ್ಬಿಯ ಪರಿಚಯವಿರಲಿಲ್ಲ. ಹಾಲು, ತುಪ್ಪ, ಅರೆದ ಬಾದಾಮಿ, ನೆನೆಸಿದ ಕಡಲೆ, ಅನುಕೂಲವಿದ್ದವರಿಗೆ ಮಾಂಸ, ಇದೇ ಅವರ ಖುರಾಕು. ಇದನ್ನು ಕೇಳಿ ಕಚೇರಿಯ ಕುರ್ಚಿಯಲ್ಲಿ ಕುಳಿತವರು ಚೊಂಬುಗಟ್ಟಲೆ ತುಪ್ಪ ಕುಡಿಯಲು ಹೊರಡಬಾರದು. ಆ ತುಪ್ಪವನ್ನು ಕರಗಿಸಲು ದಿನಕ್ಕೆ ನೂರಾರು ಬಸ್ಕಿ, ದಂಡೆಗಳಿದ್ದವು.

ಕೊನೆಯದಾಗಿ, ಈ ವಿಷಯ ಇಪ್ಪತ್ತರ ತರುಣರಿಗಷ್ಟೇ ಸೇರಿದ್ದಲ್ಲ. ನಡುವಯಸ್ಸು ದಾಟಿದಂತೆ ಸ್ನಾಯು ತಾನಾಗಿ ಕರಗುತ್ತಾ ಹೋಗುತ್ತದೆ. ಅರವತ್ತರ ನಂತರ ನೆಲದಿಂದ ಏಳಲು ಕೈಯೂರುವುದು, ಮೆಟ್ಟಿಲಿನಲ್ಲಿ ಮುಗ್ಗರಿಸುವುದು ಇದರ ಲಕ್ಷಣಗಳು. ರಾತ್ರಿ ಮಜ್ಜಿಗೆ-ಅನ್ನ, ಬೆಳಿಗ್ಗೆ ಗಂಜಿ ಎಂದು ಊಟ ಇಳಿಸಿಕೊಂಡ ಹಿರಿಯರಿಗೆ ಮನೆಯ ಮಗನ ಪಾಲಿನ ಗಟ್ಟಿ ಬೇಳೆಯಷ್ಟೇ ಅಗತ್ಯವಿದೆ, ಜೊತೆಗೆ ಕುರ್ಚಿಯಿಂದ ಎದ್ದು ಕೂರುವಂಥ ಹಗುರ ವ್ಯಾಯಾಮವೂ ಬೇಕು. ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಬೇಳೆಯನ್ನಾಗಲಿ ಪುಡಿಯನ್ನಾಗಲಿ ಹೆಚ್ಚಿಸಬಾರದು. ಅಂಥ ಕಾಯಿಲೆ ಇದೆಯೇ ಎಂದು ಖಚಿತವಿಲ್ಲದವರು, ವಿಶೇಷವಾಗಿ ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡ ಇರುವವರು, ಮೊದಲು ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. ಇದು ಬಹುತೇಕ ಪ್ರಯೋಗಾಲಯಗಳಲ್ಲಿ ಲಭ್ಯವಿದೆ.