ಜೀಪು ಗುಡ್ಡ ಹತ್ತಿದ ಕತೆ: ಮೊದಲು ಬದಲಾಗಬೇಕಾದುದು ಯಾವುದು?

ಅರಸರ ಪಟ್ಟಾಭಿಷೇಕಗಳನ್ನೂ ಯುದ್ಧಗಳ ಸೋಲುಗೆಲುವುಗಳನ್ನೂ ಇತಿಹಾಸವೆಂದು ಓದುವುದು ನಮಗೆ ರೂಢಿಯಾಗಿದೆ. ಒಂದು ನೇಗಿಲು, ಒಂದು ದೋಣಿ, ಒಂದು ಬಂಡಿ ಕಾಲಕಾಲಕ್ಕೆ ಹೇಗೆ ಮಾರ್ಪಟ್ಟಿತೆಂಬುದೂ ಇತಿಹಾಸವೇ. ಮನುಷ್ಯನು ತನ್ನ ಉಪಕರಣದಲ್ಲಿ ಮೊದಲು ಏನನ್ನು ತಿದ್ದಿಕೊಂಡನೆಂಬುದನ್ನು ನೋಡಿದರೆ, ಅವನಿಗೆ ಯಾವುದು ಅತ್ಯಗತ್ಯವಾಗಿತ್ತೆಂಬುದು ತಿಳಿಯುತ್ತದೆ. ಈ ಕಿರುಲೇಖನದಲ್ಲಿ ನಾವು ಅಂತಹ ಒಂದು ಉಪಕರಣವನ್ನು, ಎಂದರೆ ನಮ್ಮ ಗುಡ್ಡಗಾಡಿನ ಚಿರಪರಿಚಿತ ಜೀಪನ್ನು, ಎತ್ತಿಕೊಂಡಿದ್ದೇವೆ. ಕಾಸರಗೋಡಿನ ಮೂಡಣ ಭಾಗದಲ್ಲಿ ಹಳೆಯ ಜೀಪನ್ನೋ ಹೊಸ ಥಾರನ್ನೋ ಕೊಂಡ ತರುಣನ ಮುಂದೆ ಒಂದು ಪ್ರಶ್ನೆ ಏಳುತ್ತದೆ: ಇದರಲ್ಲಿ ಮೊದಲು ಏನನ್ನು ಬದಲಾಯಿಸಬೇಕು? ಅಂಗಡಿಗಳಲ್ಲಿ ದಪ್ಪ ಟಯರುಗಳಿವೆ, ಕಣ್ಣು ಕೋರೈಸುವ ದೀಪಗಳಿವೆ, ಕಬ್ಬಿಣದ ಎದೆಗಟ್ಟುಗಳಿವೆ. ಕೈಯಲ್ಲಿರುವ ಹಣ ಮಾತ್ರ ಮಿತವಾದುದು. ಈ ಪ್ರಶ್ನೆಗೆ ಜೀಪಿನ ಎಂಬತ್ತು ವರ್ಷಗಳಿಗೂ ಮೀರಿದ ಚರಿತ್ರೆಯೇ ಉತ್ತರವನ್ನು ಕೊಡುತ್ತದೆಂಬುದು ನಮ್ಮ ನಂಬಿಕೆ.

ಮೊದಲು ನಮ್ಮ ನೆಲದ ಗುಣವನ್ನು ನೋಡೋಣ. ಪಡುವಣದಲ್ಲಿ ಕಡಲು, ಮೂಡಣದಲ್ಲಿ ಕೊಡಗಿನ ಬೆಟ್ಟಸಾಲು, ಇವೆರಡರ ನಡುವೆ ಗುಡ್ಡ ಬೈಲುಗಳ ಏರಿಳಿತ. ಚಂದ್ರಗಿರಿ, ಶಿರಿಯ, ಉಪ್ಪಳ, ಮೊಗ್ರಾಲ್ ಮೊದಲಾದ ಹೊಳೆಗಳು ಪಡುವಣಕ್ಕೆ ಹರಿಯುತ್ತ ಈ ನೆಲವನ್ನು ಪಟ್ಟಿಪಟ್ಟಿಯಾಗಿ ಸೀಳಿವೆ. ವರ್ಷದಲ್ಲಿ 3000 ಮಿಲಿಮೀಟರಿಗೂ ಮೀರಿ ಬೀಳುವ ಮಳೆಯ ಬಹುಪಾಲು ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕು ತಿಂಗಳಲ್ಲೇ ಸುರಿದುಹೋಗುತ್ತದೆ. ಮೇಲ್ಮೈಯೋ ಮುರಕಲ್ಲಿನದು. 1800–01ರಲ್ಲಿ ಮೈಸೂರು, ಮಲಬಾರು, ಕೆನರಾಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ನನು 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಈ ಕಲ್ಲಿಗೆ, ಇಟ್ಟಿಗೆಯೆಂಬ ಅರ್ಥದ ಲ್ಯಾಟಿನ್ ಪದದಿಂದ, ಲ್ಯಾಟರೈಟ್ ಎಂಬ ಹೆಸರನ್ನಿತ್ತನು. ನೆಲದೊಳಗೆ ಮೆದುವಾಗಿದ್ದು ಗಾಳಿಗೆ ಒಡ್ಡಿದಾಗ ಗಟ್ಟಿಯಾಗುವ ಈ ಕಲ್ಲಿನಿಂದಲೇ ನಮ್ಮ ಮನೆಗಳೂ ಶಾಲೆಗಳೂ ಎದ್ದಿವೆ. ಬೇಸಗೆಯಲ್ಲಿ ಮುರಕಲ್ಲಿನ ದಾರಿ ಒರಟಾಗಿ ಕಾಲನ್ನು ಕಚ್ಚಿ ಹಿಡಿಯುತ್ತದೆ. ಮಳೆಗಾಲದಲ್ಲಿ ಪಾಚಿಯೂ ಕೆಸರೂ ಕೂಡಿ ಅದೇ ದಾರಿ ಎಣ್ಣೆ ಬಳಿದಂತೆ ಜಾರುತ್ತದೆ. ನಮ್ಮ ಚಡವುಗಳಲ್ಲಿ ವಾಹನದ ಶಕ್ತಿಗಿಂತ ಹಿಡಿತಕ್ಕೆ ಬೆಲೆ ಹೆಚ್ಚು.

ಮೋಟಾರು ಬರುವುದಕ್ಕೆ ಮುಂಚೆ ಘಟ್ಟದ ದಾರಿಗಳಲ್ಲಿ ಉಪ್ಪನ್ನು ಮೇಲಕ್ಕೂ ಅಕ್ಕಿಯನ್ನು ಕೆಳಕ್ಕೂ ಸಾಗಿಸುತ್ತಿದ್ದುದು ಹೇರೆತ್ತುಗಳು. ಬಂಡಿಗೆ ಸಮವಾದ ದಾರಿ ಬೇಕು. ಎತ್ತಿಗೆ ಗೊರಸನ್ನು ಊರುವಷ್ಟು ನೆಲ ಸಾಕು. ಎಡವಿದರೆ ಒಂದು ಕಾಲು ಜಾರೀತು, ಉಳಿದ ಮೂರು ತಡೆದು ನಿಲ್ಲಿಸುವುವು. ನಾಲ್ಕು ಕಾಲುಗಳೂ ಭಾರವನ್ನು ಹೊತ್ತು ನಾಲ್ಕೂ ನೂಕುವ ಈ ತತ್ತ್ವವೇ ಮುಂದೆ ಜೀಪಿನಲ್ಲಿ ಯಂತ್ರರೂಪವನ್ನು ತಾಳಿತೆನ್ನಬಹುದು.

ಜೀಪು ಹುಟ್ಟಿದುದು ಯುದ್ಧದ ಅಗತ್ಯದಿಂದ. 1940ರ ಬೇಸಗೆಯಲ್ಲಿ ಅಮೆರಿಕದ ಸೈನ್ಯವು ನಾಲ್ಕು ಚಕ್ರಗಳಿಗೂ ಯಂತ್ರದ ಬಲ ಹರಿಯುವ, ಹಗುರವಾದ ಒಂದು ಕಾರು ಬೇಕೆಂದು ನೂರಕ್ಕೂ ಹೆಚ್ಚು ಕಾರ್ಖಾನೆಗಳನ್ನು ಕೇಳಿತು. ಬ್ಯಾಂಟಮ್ ಎಂಬ ಸಣ್ಣ ಕಂಪೆನಿಯು ಕಾರ್ಲ್ ಪ್ರೋಬ್ಸ್ಟ್ ಎಂಬ ಎಂಜಿನಿಯರನ ನೆರವಿನಿಂದ ಅದೇ ವರ್ಷದ ಸೆಪ್ಟೆಂಬರ್ 23ರಂದು ಮೊದಲ ಮಾದರಿಯನ್ನು ಒಪ್ಪಿಸಿತು. ಬಳಿಕ ವಿಲ್ಲಿಸ್ ಮತ್ತು ಫೋರ್ಡ್ ಕಂಪೆನಿಗಳೂ ಸ್ಪರ್ಧೆಗಿಳಿದವು. ಸೈನ್ಯವು ಮೊದಲು ವಿಧಿಸಿದ್ದ 1300 ಪೌಂಡುಗಳ, ಎಂದರೆ ಸುಮಾರು 590 ಕಿಲೋಗ್ರಾಮುಗಳ, ತೂಕದ ಮಿತಿಯನ್ನು ಪಾಲಿಸಲು ಯಾರಿಗೂ ಆಗಲಿಲ್ಲ. ಆ ಮಿತಿಯನ್ನು 2160 ಪೌಂಡುಗಳಿಗೆ ಏರಿಸಬೇಕಾಯಿತು. ವಿಲ್ಲಿಸ್ ಕಂಪೆನಿಯ ಯಂತ್ರ 60 ಕುದುರೆಶಕ್ತಿಯದು, ಉಳಿದವರ ಯಂತ್ರಗಳಿಗಿಂತ ಬಲವಾದುದು. ಆದರೆ ಅವರ ಗಾಡಿಯ ತೂಕ ಹೊಸ ಮಿತಿಯನ್ನೂ ಮೀರಿತ್ತು. ಆಗ ಅವರ ಪ್ರಧಾನ ಎಂಜಿನಿಯರ್ ಡೆಲ್ಮರ್ ರೂಸ್ ಯಂತ್ರವನ್ನು ಬಿಟ್ಟುಕೊಡಲಿಲ್ಲ. ಬೋಲ್ಟುಗಳ ಹೆಚ್ಚುವರಿ ಉದ್ದವನ್ನು ಕತ್ತರಿಸಿದರು, ಹಗುರವಾದ ಉಕ್ಕನ್ನು ಆರಿಸಿದರು, ಬಣ್ಣದ ಪದರವನ್ನು ಕೂಡ ತೆಳ್ಳಗೆ ಮಾಡಿದರು. ಅಗತ್ಯವಾದುದನ್ನು ಉಳಿಸಿಕೊಳ್ಳಲು ಅಲಂಕಾರವನ್ನು ತೊರೆದ ಈ ಪ್ರಸಂಗವು ಜೀಪಿನ ಚರಿತ್ರೆಯ ಮೊದಲ ಪಾಠ. ಯುದ್ಧ ಮುಗಿಯುವುದರೊಳಗೆ ವಿಲ್ಲಿಸ್ ಮತ್ತು ಫೋರ್ಡ್ ಕಾರ್ಖಾನೆಗಳಿಂದ ಸುಮಾರು 6,40,000 ಜೀಪುಗಳು ಹೊರಬಂದಿದ್ದವು.

1945ರಲ್ಲಿ ಯುದ್ಧ ನಿಂತಿತು. ಸೈನಿಕನ ವಾಹನವನ್ನು ರೈತನ ವಾಹನವನ್ನಾಗಿ ಮಾಡಬೇಕಾಯಿತು. ನಮ್ಮ ಪ್ರಶ್ನೆಯನ್ನು ಅಂದು ವಿಲ್ಲಿಸ್ ಕಾರ್ಖಾನೆಯೇ ತನಗೆ ತಾನು ಹಾಕಿಕೊಂಡಿತು: ಮೊದಲು ಏನನ್ನು ಬದಲಾಯಿಸಬೇಕು? ಆ ವರ್ಷ ಹೊರಬಂದ ಸಿ.ಜೆ.–2ಎ ಎಂಬ ನಾಗರಿಕ ಜೀಪಿನಲ್ಲಿ ಅದರ ಉತ್ತರವಿದೆ. ಹೆಚ್ಚು ಗಟ್ಟಿಯಾದ ಗೇರುಪೆಟ್ಟಿಗೆಯನ್ನು ಇಟ್ಟರು. ಸೈನ್ಯದ ಜೀಪಿನಲ್ಲಿ ಚಕ್ರ ಒಂದು ಸುತ್ತು ತಿರುಗಲು ಯಂತ್ರದಿಂದ ಬರುವ ಉದ್ದದ ದಂಡವು 4.88 ಸುತ್ತು ತಿರುಗುತ್ತಿತ್ತು. ಹೊಸದರಲ್ಲಿ ಅದನ್ನು 5.38 ಸುತ್ತುಗಳಿಗೆ ಏರಿಸಿದರು. ಓಟ ತಗ್ಗಿತು, ಎಳೆಯುವ ಬಲ ಹೆಚ್ಚಿತು. ಸಾಮಾನು ಹೇರಲು ಹಿಂಬದಿಯಲ್ಲಿ ತೆರೆಯುವ ಬಾಗಿಲು ಬಂತು. ರಾತ್ರಿಯ ಪಯಣಕ್ಕೆ ದೊಡ್ಡ ದೀಪಗಳು ಬಂದವು. ಗರಗಸವನ್ನೋ ಪಂಪನ್ನೋ ತಿರುಗಿಸಲು ಯಂತ್ರದ ಬಲವನ್ನು ಹೊರಗೆ ಕೊಡುವ ಏರ್ಪಾಡೂ ಬಂತು. ಈ ಮಾರ್ಪಾಡುಗಳಲ್ಲಿ ಒಂದೊಂದರ ಹಿಂದೆಯೂ ಒಂದೊಂದು ಕೆಲಸವಿತ್ತೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಸೈನ್ಯವು ಮಾರಿದ ಹಳೆಯ ಜೀಪುಗಳನ್ನು ಕೊಂಡವರಿಗೂ ಒಂದು ತೊಡಕು ಎದುರಾಯಿತು. ಸಮವಾದ ಮಾರ್ಗದಲ್ಲಿ ಓಡುವಾಗಲೂ ಮುಂಭಾಗದ ದಂಡಗಳೂ ಹಲ್ಲುಗಾಲಿಗಳೂ ವೃಥಾ ತಿರುಗುತ್ತ ಸವೆಯುತ್ತಿದ್ದವು. 1948ರಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ಆರ್ಥರ್ ವಾರ್ನ್ ಎಂಬವರು ಸ್ಥಾಪಿಸಿದ ಸಣ್ಣ ಉದ್ಯಮವು, ಬೇಕಾದಾಗ ಮುಂಚಕ್ರಗಳನ್ನು ಈ ದಂಡಗಳಿಂದ ಬಿಡಿಸುವ, ಮತ್ತೆ ಜೋಡಿಸುವ ಹಬ್ಬುಗಳನ್ನು ತಯಾರಿಸಿತು. ಕೆಸರಿನಿಂದ ವಾಹನವನ್ನು ಎಳೆದು ತೆಗೆಯುವ ವಿದ್ಯುತ್ ವಿಂಚನ್ನು ಅದೇ ಉದ್ಯಮವು ಹೊರತಂದುದು 1959ರಲ್ಲಿ. ದಿನನಿತ್ಯದ ಸವೆತಕ್ಕೆ ಮದ್ದು ಮೊದಲು, ಅಪರೂಪದ ಆಪತ್ತಿಗೆ ಮದ್ದು ಆಮೇಲೆ. ಈ ಅನುಕ್ರಮವೂ ಅರ್ಥಪೂರ್ಣವಾಗಿದೆ.

ಇನ್ನು ನಮ್ಮ ದೇಶಕ್ಕೆ ಬರೋಣ. 1945ರಲ್ಲಿ ಮಹೀಂದ್ರ ಸಹೋದರರೂ ಮಲಿಕ್ ಗುಲಾಂ ಮಹಮ್ಮದರೂ ಕೂಡಿ ಸ್ಥಾಪಿಸಿದ ಉಕ್ಕಿನ ವ್ಯಾಪಾರದ ಕಂಪೆನಿಯು 1947ರಲ್ಲಿ ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳ ಬಿಡಿಭಾಗಗಳನ್ನು ಜೋಡಿಸತೊಡಗಿತು. ದೇಶವಿಭಜನೆಯ ಬಳಿಕ ಗುಲಾಂ ಮಹಮ್ಮದರು ಪಾಕಿಸ್ತಾನದ ಮೊದಲ ಹಣಕಾಸು ಮಂತ್ರಿಗಳಾದರು. 1948ರಲ್ಲಿ ಕಂಪೆನಿಯ ಹೆಸರು ಮಹೀಂದ್ರ ಅಂಡ್ ಮಹೀಂದ್ರ ಎಂದಾಯಿತು. ಅದೇ 1948ರಲ್ಲಿ ಕಾಶ್ಮೀರದ ಯುದ್ಧಕ್ಕಾಗಿ ವಿದೇಶದಿಂದ ಹಳೆಯ ಜೀಪುಗಳನ್ನು ತರಿಸಲು ಲಂಡನ್ನಿನ ನಮ್ಮ ಹೈಕಮಿಷನ್ ಮೂಲಕ ಸರಕಾರವು ಒಪ್ಪಂದ ಮಾಡಿಕೊಂಡಿತು. ಬಂದಿಳಿದ 155 ಜೀಪುಗಳು ಬಳಕೆಗೆ ಯೋಗ್ಯವಲ್ಲವೆಂದು ಕಂಡುಬಂದು, ಆ ವಿಚಾರ ಪಾರ್ಲಿಮೆಂಟಿನಲ್ಲಿ ಬಹುಕಾಲ ಚರ್ಚೆಗೆ ಬಂತು. ಹಳೆಯ ವಾಹನವನ್ನು ಕೊಳ್ಳುವವನು ಮೊದಲು ಅದರ ಸ್ಥಿತಿಯನ್ನು ಪರೀಕ್ಷಿಸಬೇಕೆಂಬ ನೀತಿಗೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾದ ಮೇಲೆ ಜೀಪು ಬ್ಲಾಕಿನ ಅಧಿಕಾರಿಗಳ ವಾಹನವಾಗಿ ಹಳ್ಳಿಗಳನ್ನು ಹೊಕ್ಕಿತು. ಮುಂದೆ ಮಹೀಂದ್ರ ಕಂಪೆನಿಯು ಸಿ.ಜೆ.–3ಬಿ ಎಂಬ ಮಾದರಿಯನ್ನು ದಶಕಗಳ ಕಾಲ ತಯಾರಿಸಿತು. ನಮ್ಮಲ್ಲಿ ಹಿರಿಯರು ನೆನೆಯುವ, ಎತ್ತರದ ಬಾನೆಟ್ಟಿನ ಜೀಪು ಇದೇ. ಆ ಎತ್ತರವೂ ಚೆಂದಕ್ಕೆಂದು ಬಂದುದಲ್ಲ. 1953ರಲ್ಲಿ ಅಳವಡಿಸಿದ ಹೊಸ ಯಂತ್ರವು ಹಳೆಯದಕ್ಕಿಂತ ಎತ್ತರವಾಗಿದ್ದುದರಿಂದ ಮುಚ್ಚಳವನ್ನು ಏರಿಸಲೇಬೇಕಾಯಿತು.

ಕಾಸರಗೋಡು 1956ರ ತನಕ ಮದ್ರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು. ಆ ವರ್ಷದ ನವೆಂಬರ್ 1ರಂದು ಕೇರಳಕ್ಕೆ ಸೇರಿ, 1984ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಈ ನಡುವೆ ಮೂಡಣ ಗುಡ್ಡಗಳಲ್ಲಿ ಜನವಸತಿ ಬೆಳೆಯಿತು. 1943ರಲ್ಲಿ ರಾಜಪುರದಲ್ಲಿ ತಿರುವಿದಾಂಕೂರಿನ ಕಡೆಯ ರೈತರು ನೆಲೆಯೂರಿದರು. ಆ ಬಳಿಕ ರಬ್ಬರು, ಕರಿಮೆಣಸು, ಗೇರುಗಳ ತೋಟಗಳು ಹಬ್ಬಿದವು. ಬಡಗಣದ ಎಣ್ಮಕಜೆ, ಬೆಳ್ಳೂರು, ದೇಲಂಪಾಡಿಗಳಲ್ಲಿ ಮೊದಲಿನಿಂದಲೂ ಅಡಿಕೆ ತೋಟಗಳಿದ್ದವು. ಬಸ್ಸು ನಿಲ್ಲುವ ಪೇಟೆಯಿಂದ ತೋಟದ ಅಂಗಳದವರೆಗಿನ ದಾರಿ ಜೀಪಿನ ಪಾಲಿಗೆ ಬಂತು. ಅಡಿಕೆಯ ಮೂಟೆ, ಅಕ್ಕಿಯ ಚೀಲ, ಶಾಲೆಯ ಮಕ್ಕಳು, ಹೆರಿಗೆಗೆ ಹೊರಟ ಹೆಂಗಸು, ಹಾವು ಕಚ್ಚಿದ ಕೂಲಿಯಾಳು – ಎಲ್ಲರನ್ನೂ ಅದು ಹೊತ್ತಿತು. ಅಂತಹ ಹೊತ್ತಿನಲ್ಲಿ ಚಡವಿನ ನಡುವೆ ಚಕ್ರ ಜಾರಿದರೆ ಅಥವಾ ಇಳಿಜಾರಿನಲ್ಲಿ ಬ್ರೇಕು ಹಿಡಿಯದಿದ್ದರೆ ಒಂದು ಜೀವವೇ ಹೋದೀತು.

1973ರ ತೈಲದ ಬಿಕ್ಕಟ್ಟಿನ ಬಳಿಕ ಪೆಟ್ರೋಲಿನ ಬೆಲೆ ಏರಿತು. ಆಗ ದೇಶದೆಲ್ಲೆಡೆ ಜೀಪಿನ ಮಾಲಿಕರು ಕೈಹಾಕಿದ ಮೊದಲ ಮಾರ್ಪಾಡೆಂದರೆ ಪೆಟ್ರೋಲು ಯಂತ್ರವನ್ನು ತೆಗೆದು ಡೀಸೆಲ್ ಯಂತ್ರವನ್ನು ಕೂರಿಸುವುದು. ಮಹೀಂದ್ರ ಕಂಪೆನಿಯೂ 1979ರಲ್ಲಿ ಫ್ರಾನ್ಸಿನ ಪ್ಯೂಜೋ ಕಂಪೆನಿಯೊಡನೆ ಡೀಸೆಲ್ ಯಂತ್ರಕ್ಕಾಗಿ ಒಪ್ಪಂದ ಮಾಡಿಕೊಂಡಿತು. ಖರ್ಚು ತಗ್ಗಿತು, ನಿಜ. ಆದರೆ ಡೀಸೆಲ್ ಯಂತ್ರ ಸಾಮಾನ್ಯವಾಗಿ ಹೆಚ್ಚು ಭಾರ, ಅದರ ನಡುಕವೂ ಹೆಚ್ಚು. ಹಗುರವಾದ ಯಂತ್ರಕ್ಕೆಂದು ಮಾಡಿದ ಮುಂಭಾಗದ ಪಟ್ಟಿ ಸ್ಪ್ರಿಂಗುಗಳು ಇದರಿಂದ ತಗ್ಗುತ್ತವೆ. ಯಂತ್ರವನ್ನು ಹಿಡಿದ ರಬ್ಬರುಗಳು ಹರಿಯುತ್ತವೆ. ಬ್ರೇಕಿನ ಮೇಲೆ ಹೊರೆ ಬೀಳುತ್ತದೆ. ಒಂದು ಅಂಗವನ್ನು ಬದಲಾಯಿಸಿದವನು ಅದರ ನೆರೆಯ ಅಂಗಗಳನ್ನೂ ನೋಡಿಕೊಳ್ಳಬೇಕೆಂಬುದು ಇಲ್ಲಿಯ ಪಾಠ.

ಈ ಚರಿತ್ರೆಯ ಬೆಳಕಿನಲ್ಲಿ ನಾವು ಒಂದು ಅನುಕ್ರಮವನ್ನು ಹೇಳಬಹುದು. ಎಲ್ಲಕ್ಕೂ ಮೊದಲು, ಇರುವುದನ್ನು ಸರಿಯಾಗಿಟ್ಟುಕೊಳ್ಳುವುದು. ಬ್ರೇಕು, ಸ್ಟಿಯರಿಂಗು, ಸ್ಪ್ರಿಂಗು, ತಾರ್ಪಾಲು – ಇವು ಕೆಟ್ಟಿರುವಾಗ ಹೊಸದನ್ನು ಕೊಳ್ಳುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಮುಡಿದಂತೆ. ಎರಡನೆಯದು ಟಯರು. ವಾಹನವು ನೆಲವನ್ನು ಮುಟ್ಟುವುದು ಅಂಗೈಯಗಲದ ನಾಲ್ಕು ಜಾಗಗಳಲ್ಲಿ ಮಾತ್ರ. ಆಳವಾದ, ಕೆಸರನ್ನು ತಾನೇ ಉದುರಿಸಿಕೊಳ್ಳುವ ಗೆರೆಗಳುಳ್ಳ ಟಯರು ನಮ್ಮ ಮಳೆಗಾಲಕ್ಕೆ ತಕ್ಕುದು. ಕೆಸರಿನಲ್ಲಿ ಗಾಳಿಯನ್ನು ಸ್ವಲ್ಪ ಇಳಿಸಿದರೆ ಅದೇ ಟಯರು ಇನ್ನೂ ಅಗಲವಾಗಿ ನೆಲವನ್ನು ಹಿಡಿಯುತ್ತದೆ. ಗಟ್ಟಿ ಮಾರ್ಗಕ್ಕೆ ಮರಳಿದಾಗ ಗಾಳಿಯನ್ನು ತುಂಬಬೇಕಾದುದರಿಂದ ಒಂದು ಪಂಪೂ ಒತ್ತಡದ ಅಳತೆಗೋಲೂ ಜೊತೆಗಿರಬೇಕು. ಮೂರನೆಯದು ಪಾರಾಗುವ ಸಾಧನ: ಚೌಕಟ್ಟಿಗೆ ಭದ್ರವಾಗಿ ಬಿಗಿದ ಕೊಕ್ಕೆಗಳು, ಗಟ್ಟಿಯಾದ ಎಳೆಪಟ್ಟಿ, ಒಂದು ಹಾರೆ. ನಾಲ್ಕನೆಯದು ಕಲ್ಲಿನ ಏಟಿನಿಂದ ಯಂತ್ರದ ತಳವನ್ನು ಕಾಯುವ ತಗಡು. ಹಿಡಿತ ತಪ್ಪಿದ ಒಂದು ಚಕ್ರ ಗಿರಕಿ ಹೊಡೆದು ಮತ್ತೊಂದು ಸುಮ್ಮನಿರುವುದನ್ನು ತಡೆಯುವ ಡಿಫರೆನ್ಷಿಯಲ್ ಲಾಕು, ವಿಂಚು ಮುಂತಾದವು ಆ ಬಳಿಕ. ಹೆಚ್ಚಿನ ದೀಪಗಳೂ ಅಲಂಕಾರಗಳೂ ಕಟ್ಟಕಡೆಗೆ.

ಅತಿ ದೊಡ್ಡ ಟಯರಿನ ಮೋಹದ ಬಗೆಗೆ ಒಂದು ಲೆಕ್ಕವನ್ನು ತರಗತಿಯಲ್ಲಿ ಮಾಡಿಸಬಹುದು. ಚಕ್ರದ ವ್ಯಾಸವನ್ನು ನೂರಕ್ಕೆ ಹತ್ತರಷ್ಟು ಹೆಚ್ಚಿಸಿದರೆ ಪ್ರತಿ ಸುತ್ತಿಗೂ ವಾಹನ ನೂರಕ್ಕೆ ಹತ್ತರಷ್ಟು ಹೆಚ್ಚು ದೂರ ಹೋಗುತ್ತದೆ. ವೇಗಮಾಪಕವು 50 ಎಂದು ತೋರಿಸುವಾಗ ನಿಜವಾದ ವೇಗ 55. ಎಳೆಯುವ ಬಲವೋ ನೂರಕ್ಕೆ ಸುಮಾರು ಒಂಬತ್ತರಷ್ಟು ಕಡಮೆ. 1945ರಲ್ಲಿ ವಿಲ್ಲಿಸ್ ಎಂಜಿನಿಯರರು ಹಲ್ಲುಗಾಲಿ ಬದಲಾಯಿಸಿ ಗಳಿಸಿದ ಬಲವನ್ನು ಹೀಗೆ ನಾವೇ ಕಳೆದುಕೊಂಡಂತಾಯಿತು. ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿಯ ಪ್ರಕಾರ, ತಯಾರಕರು ನಿರ್ದೇಶಿಸಿದ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಆದುದರಿಂದ ಯಾವ ಬದಲಾವಣೆಗೂ ಮುನ್ನ ಸಾರಿಗೆ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ವಿವೇಕ.

ಗುಡ್ಡದ ದಾರಿಗಳು ಒಂದೊಂದಾಗಿ ಡಾಮರು, ಕಾಂಕ್ರೀಟುಗಳನ್ನು ಕಾಣುತ್ತಿವೆ. ಜೀಪು ನಮ್ಮ ಊರುಗಳಿಗೆ ಮಾಡಿದ ಸೇವೆ ಮಾತ್ರ ಬರಹಕ್ಕೆ ಹೆಚ್ಚಾಗಿ ಇಳಿದಿಲ್ಲ. ಊರಿಗೆ ಮೊದಲ ಜೀಪು ಯಾವ ವರ್ಷ ಬಂತು, ಯಾವ ಹೊಳೆಯನ್ನು ಎಲ್ಲಿ ದಾಟುತ್ತಿತ್ತು, ಚಾಲಕನು ಅದರಲ್ಲಿ ಮೊದಲು ಏನನ್ನು ಬದಲಾಯಿಸಿದನು, ಏಕೆ ಬದಲಾಯಿಸಿದನು – ಇವನ್ನು ಬಲ್ಲ ಮುದಿ ಚಾಲಕರು ಇನ್ನೂ ನಮ್ಮ ನಡುವೆ ಇದ್ದಾರೆ. ಕನ್ನಡ ಶಾಲೆಗಳ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳನ್ನು ಅವರ ಜಗಲಿಗೆ ಕಳುಹಿಸಿ ಆ ಮಾತುಗಳನ್ನು ಬರೆಯಿಸಿಡಲಿ. ಈ ಮಳೆಗಾಲದ ರಜೆಯ ದಿನಗಳೇ ಅದಕ್ಕೆ ಸಾಕು.