ಸಕ್ಕರೆ ಆರತಿಯ ಅಚ್ಚುಗಳು

ಸಂಘದ ಸಾಲ, ಗೊಬ್ಬರ, ಲೆಕ್ಕಪತ್ರದ ಮಾತು ಈ ಸಂಚಿಕೆಯ ಬೇರೆ ಪುಟಗಳಲ್ಲಿವೆ. ನಾವು ಇಲ್ಲಿ ಹೇಳಹೊರಟಿರುವುದು ಅಟ್ಟದ ಮೇಲೆ ಧೂಳು ತಿನ್ನುತ್ತ ಬಿದ್ದ ಕಟ್ಟಿಗೆ ಅಚ್ಚುಗಳ ಸಂಗತಿ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಈ ಸೀಮೆಯಲ್ಲಿ ಹಿಂದೆ ನಿತ್ಯದ ಸಿಹಿ ಎಂದರೆ ಬೆಲ್ಲ. ಗಾಣದಿಂದ ಬಂದ ಪೆಂಟಿಯನ್ನು ಕಲ್ಲಿನಿಂದ ಜಜ್ಜಿ ಬಳಸುತ್ತಿದ್ದರು. ಸಕ್ಕರೆ ಏನಿದ್ದರೂ ಹಬ್ಬಕ್ಕ, ಬೀಗರಿಗೆ. ಉಂಡಿ ಕಟ್ಟಬೇಕಾದರೆ ಅದನ್ನೂ ಬೀಸುಕಲ್ಲಿನಾಗ ಬೀಸಬೇಕು. ಯುರೋಪಿನಲ್ಲಿ ಸಕ್ಕರೆ ಗೋಪುರದಂಥ ಗಟ್ಟಿಯಾಗಿ ಬರುತ್ತಿತ್ತು. ಅದನ್ನು ತುಂಡು ಮಾಡಲು ಮನೆಗಳಲ್ಲಿ ನಮ್ಮ ಅಡಕೊತ್ತಿನಂಥ ಕಬ್ಬಿಣದ ಇಕ್ಕಳ ಇರುತ್ತಿದ್ದವು. ಈಗಿನ ಚೆಕ್ ದೇಶದ ದಾಚಿತ್ಸೆ ಊರಿನಲ್ಲಿ ಯಾಕುಬ್ ರಾಡ್ ಎಂಬವರು 1843ರಲ್ಲಿ ಸಕ್ಕರೆ ತುಂಡು ಮಾಡುವ ಯಂತ್ರಕ್ಕೆ ಹಕ್ಕುಪತ್ರ ಪಡೆದರು. ಬರಬರುತ್ತ ಆ ಇಕ್ಕಳಗಳು ಮೂಲೆ ಸೇರಿದವು.

ನಮ್ಮಲ್ಲಿಯ ಸಾಮಾನು ಬೇರೆ. ಸಾಗವಾನಿಯ ಎರಡು ಹೋಳು, ಒಳಗ ಆನೆ, ಒಂಟೆ, ನವಿಲು, ತೇರು, ಬಸವಣ್ಣನ ಕೆತ್ತನೆ. ಕಾರ್ತಿಕದ ಗೌರಿ ಹುಣ್ಣಿಮೆ ಹತ್ತಿರ ಬಂತೆಂದರೆ ಅಚ್ಚನ್ನು ನೀರಿನಾಗ ನೆನೆಯಿಟ್ಟು, ಹೋಳು ಕೂಡಿಸಿ ದಾರದಿಂದ ಬಿಗಿಯುತ್ತಿದ್ದರು. ನೆನೆಯದ ಅಚ್ಚಿಗೆ ಸಕ್ಕರೆ ಅಂಟಿಕೊಳ್ಳುತ್ತದೆ. ಕುದಿಯುವ ಪಾಕಕ್ಕೆ ಸ್ವಲ್ಪ ಹಾಲು ಹಾಕಿದರೆ ಹೊಲಸೆಲ್ಲ ಮೇಲೆ ಬರುತ್ತದೆ. ಅದನ್ನು ತೆಗೆದು, ಪಾಕ ಬೆಳ್ಳಗಾಗುವತನಕ ತಿರುವಿ, ಅಚ್ಚಿಗೆ ಸುರಿಯುವುದು. ಆರಿದ ಮೇಲೆ ಬಿಚ್ಚಿದರೆ ಬಿಳಿ ಗೊಂಬೆ! ಹೆಣ್ಣುಮಕ್ಕಳು ಅದನ್ನು ತಟ್ಟೆಯಲ್ಲಿಟ್ಟು ಗೌರಿಗೆ ಆರತಿ ಬೆಳಗುತ್ತಾರೆ. ನಿಶ್ಚಯವಾದ ಹುಡುಗಿಗೆ ಗಂಡಿನ ಮನೆಯಿಂದ ಸೀರೆಯ ಸಂಗಡ ಸಕ್ಕರೆ ಆರತಿ ಬರುವುದೂ ಇದೇ ಹುಣ್ಣಿಮೆಗೆ.

ಅಚ್ಚು ಎಲ್ಲರ ಮನಿಯಾಗ ಇರುತ್ತಿರಲಿಲ್ಲ. ಒಬ್ಬರ ಮನೆಯ ತೇರು, ಇನ್ನೊಬ್ಬರ ಮನೆಯ ಆನೆ ಓಣಿಯೆಲ್ಲ ತಿರುಗಿ ಬರುತ್ತಿದ್ದವು. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟುವ ಮೊದಲೂ ನಮ್ಮ ಅವ್ವಂದಿರಿಗೆ ಸಹಕಾರ ಗೊತ್ತಿತ್ತು ಎಂದರೆ ತಪ್ಪಾಗಲಿಕ್ಕಿಲ್ಲ.

ಈಗ ಆರತಿ ಪೇಟೆಯಲ್ಲಿ ತಯಾರಾಗಿಯೇ ಸಿಗುತ್ತದೆ. ಅದು ಬೇಡವೆನ್ನುವುದಿಲ್ಲ. ಆದರೆ ಹಳೆ ಅಚ್ಚುಗಳು ಒಲೆಗೂ ಗುಜರಿಗೂ ಹೋಗುತ್ತಿವೆ. ಒಂದು ಹೋಳು ಕಳೆದರೆ ಉಳಿದ ಹೋಳು ಬರೀ ಕಟ್ಟಿಗೆ. ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟೇ: ಅಟ್ಟ ಏರಿ ನೋಡಿರಿ, ಜೋಡಿ ಕೂಡಿಸಿ ಕಟ್ಟಿಡಿರಿ. ಪಾಕದ ಹದ ಬಲ್ಲ ಹಿರಿಯರು ಮನೆಯಲ್ಲಿದ್ದರೆ, ಈ ಹುಣ್ಣಿಮೆಗೆ ಮಕ್ಕಳನ್ನು ಅವರ ಬಾಜೂಕ ಕೂಡ್ರಿಸಿರಿ. ಹದ ಕೈಯಿಂದ ಕೈಗೇ ಬರಬೇಕು.